ಉಪ್ಪಿಟ್ಟಿಗೂ ಧನ್ಯವಾದ ಹೇಳುವ ಪೋರ್ಟಲ್

ನಮ್ಮ ಜಿಲ್ಲಾ ಕಚೇರಿಯ ಡಿಜಿಟಲೀಕರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಆನ್‌ಲೈನ್ ಪೋರ್ಟಲ್ ಸುಳ್ಳು ಹೇಳುತ್ತಿದೆ. ಒರಟಾಗಿ ಅಲ್ಲ, ವಿನಯದಿಂದ, ತಪ್ಪಿಲ್ಲದ ಜರ್ಮನ್‌ನಲ್ಲಿ, ಪಕ್ಕದಲ್ಲೊಂದು ಹಸಿರು ಸರಿ ಗುರುತು ಹಾಕಿಕೊಂಡು ಹೇಳುತ್ತಿದೆ. ಆ ಸುಳ್ಳಿನಿಂದಾಗಿ ರೆಬೆಕಾ ಎಂಬ ನರ್ಸ್ ಈಗ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಳೆ, ಬಹುಶಃ ಈ ದೇಶವನ್ನೇ ಬಿಡಬೇಕಾಗುತ್ತದೆ. ಅದನ್ನು ಸರಿಪಡಿಸಲು ನಿಮಗಿರುವುದು ಬರುವ ಭಾನುವಾರದವರೆಗಿನ ಸಮಯ ಮಾತ್ರ. ಭಾನುವಾರವೇ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬಹಿರಂಗ ಪತ್ರವಾಗಿ, ಅದೂ ಕನ್ನಡದಲ್ಲಿ, ಯಾಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ಜರ್ಮನ್‌ನಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ, ಉತ್ತರವಿಲ್ಲ. ಇಮೇಲ್ ಮಾಡಿದೆ, ಅದಕ್ಕೂ ಇಲ್ಲ. ಉತ್ತರವೇ ಬಾರದ ಮೇಲೆ ಯಾವ ಭಾಷೆಯಾದರೇನು? ನಾನು ಮೈಸೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ತರಗತಿಯೊಳಗೆ ಕನ್ನಡ ಆಡಿದರೆ ನಮಗೆ ದಂಡ ಬೀಳುತ್ತಿತ್ತು, ಆದ್ದರಿಂದ ಅದನ್ನು ನಾವು ಮೈದಾನದ ಜಗಳಗಳಿಗೆ ಮೀಸಲಿಟ್ಟಿದ್ದೆವು. ಇವತ್ತಿಗೂ ಜಗಳವೆಂದರೆ ನನಗೆ ಮೊದಲು ಬಾಯಿಗೆ ಬರುವುದು ಕನ್ನಡವೇ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ನಿಮ್ಮ ಜಿಲ್ಲೆಯಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ಅವರೆಲ್ಲ ತಮ್ಮ ವಾಸದ ಪರವಾನಗಿಗೆ ಇದೇ ಪೋರ್ಟಲ್ಲಿನ ಮುಂದೆ ನಿಲ್ಲುವವರು. ಅವರಿಗೆ ಇದು ತಿಳಿದಿರಬೇಕು.

ರೆಬೆಕಾ ಉಡುಪಿಯವಳು. ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದಾಳೆ, ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ. ಅವಳ ಪರವಾನಗಿ ಮುಗಿಯುವುದಿತ್ತು. ಮುಗಿಯುವ ಮುನ್ನ ಅರ್ಜಿ ಹಾಕಿಬಿಟ್ಟರೆ, ನಿಮ್ಮವರು ತೀರ್ಮಾನ ಮಾಡುವವರೆಗೆ ಹಳೆಯ ಪರವಾನಗಿ ಇನ್ನೂ ಜೀವಂತವಿದೆ ಎಂದು ಕಾನೂನು ಭಾವಿಸುತ್ತದೆ. ಇಲ್ಲೇ ಇದ್ದು ಕೆಲಸ ಮಾಡಬಹುದು. ಅದಕ್ಕೆ ನೀವು ಕೊಡುವ ಕಾಗದದ ಹೆಸರು ಫಿಕ್ಷನ್ಸ್‌ಬೆಶೈನಿಗುಂಗ್. ಕಟ್ಟುಕತೆಗೆ ಕೊಟ್ಟ ಸರ್ಟಿಫಿಕೇಟ್ ಎಂದು ಅರ್ಥ ಮಾಡಿಕೊಂಡರೆ ಹೆಚ್ಚೇನೂ ತಪ್ಪಾಗದು. ರೆಬೆಕಾ ತನ್ನ ರಜೆಯ ದಿನ, ಒಂದು ಭಾನುವಾರ ಮಧ್ಯಾಹ್ನ, ಪಾಸ್‌ಪೋರ್ಟು, ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲವನ್ನೂ ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕಿದಳು. ಒತ್ತುವುದನ್ನು ಒತ್ತಿದಳು. "ನಿಮ್ಮ ಅರ್ಜಿ ನಮ್ಮನ್ನು ತಲುಪಿದೆ. ತುಂಬ ಧನ್ಯವಾದಗಳು," ಎಂದಿತು ಪೋರ್ಟಲ್. ಜಾಗರೂಕತೆಯ ಹುಡುಗಿ, ಆ ಪುಟದ ಫೋಟೋ ಕೂಡ ಹಿಡಿದಿಟ್ಟುಕೊಂಡಳು. ಆ ವಾರ ಅವಳ ಪರವಾನಗಿ ಮುಗಿಯಿತು. ವೃದ್ಧಾಶ್ರಮದವರು ಕಟ್ಟುಕತೆಯ ಸರ್ಟಿಫಿಕೇಟ್ ಕೇಳಿದರು, ಅದು ಸಿಗುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಅದನ್ನು ತರಲು ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು.

ಕೌಂಟರಿನಲ್ಲಿದ್ದ ಮಹಿಳೆ ಕಂಪ್ಯೂಟರಿನಲ್ಲಿ ಹುಡುಕಿ, "ಅರ್ಜಿ ಬಂದಿಲ್ಲ," ಎಂದರು.

ರೆಬೆಕಾ ಫೋನ್ ತೋರಿಸಿದಳು. "ನೋಡಿ, ನೀವೇ ಧನ್ಯವಾದ ಹೇಳಿದ್ದೀರಿ."

"ಹೇಳಿರಬಹುದು. ಅರ್ಜಿ ಬಂದಿಲ್ಲ. ಇದರಲ್ಲಿ ಫೋರ್‌ಗಾಂಗ್ಸ್‌ನುಮ್ಮರ್ ಎಲ್ಲಿದೆ? ಅರ್ಜಿಯ ನಂಬರ್ ಇಲ್ಲದಿದ್ದರೆ ಅರ್ಜಿಯೂ ಇಲ್ಲ."

"ನಂಬರ್ ಕೊಡಬೇಕಾದವರು ಯಾರು?" ಎಂದೆ ನಾನು.

"ಪೋರ್ಟಲ್."

"ಪೋರ್ಟಲ್ ಯಾರದು?"

"ನಮ್ಮದೇ. ಆದರೆ ಆ ವಿಭಾಗ ಮೂರನೇ ಮಹಡಿ."

"ಹಾಗಾದರೆ ಮೇಲೆ ಹೋಗಿ ಕೇಳಬಹುದೇ?"

"ಖಂಡಿತ. ಅದಕ್ಕೆ ಮೊದಲು ಟೆರ್ಮಿನ್, ಅಂದರೆ ಭೇಟಿಯ ಸಮಯ, ತೆಗೆದುಕೊಳ್ಳಬೇಕು. ಪೋರ್ಟಲ್‌ನಲ್ಲಿ."

ರೆಬೆಕಾ ನನ್ನ ತೋಳು ಹಿಡಿದೆಳೆದಳು. "ಅಕ್ಕಾ, ಇವರು ಎಂತ ಹೇಳುದು? ಬರ್ಲೇ ಇಲ್ಲ ಅಂತಾದ್ರೆ ಧನ್ಯವಾದ ಹೇಳಿದ್ದು ಯಾರಿಗೆ ಮತ್ತೆ?"

"ಸುಮ್ನಿರು, ಅವರದ್ದೇನೂ ತಪ್ಪಿಲ್ಲ," ಎಂದೆ. ನಿಜಕ್ಕೂ ಇರಲಿಲ್ಲ. ಆ ಮಹಿಳೆ ನಮಗೆ ಕುರ್ಚಿ ಕೊಟ್ಟರು, ಇನ್ನೊಮ್ಮೆ ಹುಡುಕಿದರು, ಸ್ಪೆಲ್ಲಿಂಗ್ ಬದಲಿಸಿ ಮತ್ತೊಮ್ಮೆ ಹುಡುಕಿದರು. ಇಲ್ಲದ್ದನ್ನು ಅವರಾದರೂ ಎಲ್ಲಿಂದ ತರಬೇಕು? ಆದರೆ ರೆಬೆಕಾಳ ಪ್ರಶ್ನೆ ಸರಿಯಾಗಿತ್ತು. ಮಾನ್ಯರೇ, ಅದನ್ನೇ ನಿಮಗೆ ಕೇಳುತ್ತಿದ್ದೇನೆ. ಧನ್ಯವಾದ ಹೇಳಿದ್ದು ಯಾರಿಗೆ?

ನಾನು ಇದನ್ನು ಕೇಳುವುದಕ್ಕೆ ಒಂದು ವೃತ್ತಿಪರ ಕಾರಣವೂ ಇದೆ. ಬೊಬ್ಲಿಂಗೆನ್‌ನ ಕಚೇರಿಯೊಂದರಲ್ಲಿ ನಾನು ಮಾಡುವುದು ಇಂಥದ್ದೇ ಕೆಲಸ. ಪೈಥಾನ್, ಪರ್ಲ್‌ನಂಥ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ವೆಬ್ ಅಪ್ಲಿಕೇಶನ್ ಬರೆಯುವುದು, ಅದನ್ನು ಸರ್ವರ್‌ಗೆ ಜೋಡಿಸುವುದು. ಈ ಕಸುಬು ತಿಳಿಯದವರಿಗಾಗಿ (ನಿಮ್ಮನ್ನು ಆ ಗುಂಪಿಗೆ ಸೇರಿಸುವ ಧೈರ್ಯ ನನಗಿಲ್ಲ) ಒಂದು ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳುತ್ತೇನೆ. ಮುಂದೆ ಕೌಂಟರ್, ಹಿಂದೆ ಅಡುಗೆಮನೆ, ನಡುವೆ ಒಂದು ಕಿಂಡಿ. ಕೌಂಟರಿನಲ್ಲಿ ನಿಂತವನೇ ವೆಬ್ ಸರ್ವರ್. ಹಗಲು ರಾತ್ರಿ ಅಲ್ಲೇ ಇರುತ್ತಾನೆ, ಬಂದವರ ಚೀಟಿ ಇಸಿದುಕೊಳ್ಳುತ್ತಾನೆ, ಅಡುಗೆ ಮಾತ್ರ ಬರುವುದಿಲ್ಲ. ಅಡುಗೆಮನೆಯಲ್ಲಿರುವುದು ನಮ್ಮ ಸ್ಕ್ರಿಪ್ಟ್, ಅಂದರೆ ನಾವು ಬರೆದ ಪ್ರೋಗ್ರಾಂ. ಟೂಲ್‌ಕಿಟ್ ಎಂದರೆ ರುಬ್ಬಿಟ್ಟ ಹಿಟ್ಟು, ಹೆಚ್ಚಿಟ್ಟ ಈರುಳ್ಳಿ, ಹದ ಮಾಡಿಟ್ಟ ಕಾವಲಿ. ಪ್ರತಿ ದೋಸೆಗೂ ಅಕ್ಕಿ ನೆನೆಹಾಕುವುದರಿಂದ ಶುರುಮಾಡಬೇಕಾಗಿಲ್ಲ ಎನ್ನುವ ಸೌಕರ್ಯ. ಇನ್ನು ಆ ಕಿಂಡಿ ಇದೆಯಲ್ಲ, ಅದನ್ನೇ ನಾವು ಸರ್ವರ್ ಇಂಟರ್‌ಫೇಸ್ ಎನ್ನುವುದು. ಒಳಗಿರುವ ಅಡುಗೆಯವರು ಯಾವ ಭಾಷೆಯವರೇ ಆಗಲಿ, ಯಾವ ಹಿಟ್ಟನ್ನೇ ಬಳಸಲಿ, ಚೀಟಿ ಒಂದೇ ರೀತಿ ಒಳಗೆ ಹೋಗಬೇಕು, ತಟ್ಟೆ ಒಂದೇ ರೀತಿ ಹೊರಗೆ ಬರಬೇಕು. ಆ ಕಿಂಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮೊದಲು ಸಂಖ್ಯೆ, ಆಮೇಲೆ ಮಾತು. ಕೇಳಿದ್ದು ಆಯಿತು ಎಂದರೆ ಇನ್ನೂರು. ಕೇಳಿದ್ದು ನಮ್ಮಲ್ಲಿಲ್ಲ ಎಂದರೆ ನಾನೂರ ನಾಲ್ಕು. ಅಡುಗೆಮನೆಯಿಂದ ಉತ್ತರವೇ ಬರಲಿಲ್ಲ ಎಂದರೆ, ಅದನ್ನು ಕೌಂಟರಿನವನೇ ಹೇಳಬೇಕು, ಐನೂರ ಎರಡು. ಮಾತು ಎಷ್ಟು ಸಿಹಿಯಾಗಿದ್ದರೂ ಸಂಖ್ಯೆ ನಿಜ ಹೇಳಬೇಕು. ಇಡೀ ಕಸುಬು ನಿಂತಿರುವುದು ಇಷ್ಟರ ಮೇಲೆ.

ಕಚೇರಿಯಿಂದ ಬಂದ ನಂತರದ ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ರೆಬೆಕಾ. ನನ್ನ ಗಂಡ ದ್ವಾರಕನಾಥ ಒಲೆಯ ಮುಂದೆ ರವೆ ಹುರಿಯುತ್ತಿದ್ದರು. ಮೊದಲು ನಿಮ್ಮ ವಿಚಾರಣೆಯ ಫಾರಂ ತೆರೆದು, ಏನನ್ನೂ ತುಂಬದೆ, ಹೆಸರು ಕೂಡ ಬರೆಯದೆ ಕಳಿಸಿದೆ. ಅರ್ಜಿ ತಲುಪಿದೆ, ತುಂಬ ಧನ್ಯವಾದಗಳು. ಯಾವ ಅರ್ಜಿ?

"ಅಕ್ಕಾ, ಇಲ್ಲದ ಪುಟ ಯಾವುದಾದ್ರೂ ಕೇಳಿ ನೋಡಿ," ಎಂದಳು ರೆಬೆಕಾ.

"ಉಪ್ಪಿಟ್ಟು ಅಂತ ಹಾಕೇ," ಎಂದರು ದ್ವಾರಕನಾಥ, ಒಲೆಯ ಕಡೆಯಿಂದ ತಿರುಗದೆಯೇ.

ಪೋರ್ಟಲ್ಲಿನ ವಿಳಾಸದ ಕೊನೆಗೆ ಒಂದು ಓರೆ ಗೆರೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಉಪ್ಪಿಟ್ಟು ಎಂದು ಟೈಪ್ ಮಾಡಿದೆ. ನಿಮ್ಮ ಅರ್ಜಿ ನಮ್ಮನ್ನು ತಲುಪಿದೆ. ತುಂಬ ಧನ್ಯವಾದಗಳು. ಹಸಿರು ಸರಿ ಗುರುತು. ಸಂಖ್ಯೆ ಏನೆಂದು ನೋಡಿದೆ: ಇನ್ನೂರು.

ರೆಬೆಕಾ ಎಷ್ಟೋ ದಿನಗಳ ಮೇಲೆ ಬಿದ್ದು ಬಿದ್ದು ನಕ್ಕಳು. "ನಂದು ಕೆಲಸ ಹೋಯ್ತು ಅಕ್ಕಾ, ಉಪ್ಪಿಟ್ಟಿಗೆ ವೀಸಾ ಆಗ್ತದೆ ಈಗ!"

ಮಾರನೆಯ ದಿನ, ಸೋಮವಾರ, ಊಟದ ಬಿಡುವಿನಲ್ಲಿ ಅದೇ ವಿಳಾಸವನ್ನು ಮತ್ತೆ ಟೈಪ್ ಮಾಡಿದೆ. ಅಂಥ ಪುಟ ಇಲ್ಲ, ನಾನೂರ ನಾಲ್ಕು, ಎಂದಿತು ಪೋರ್ಟಲ್. ವಾರದ ದಿನಗಳಲ್ಲಿ ನಿಮ್ಮ ಪೋರ್ಟಲ್ ಸತ್ಯವಂತ. ಅದು ಸುಳ್ಳು ಹೇಳುವುದು ರಜೆಯ ದಿನ ಮಾತ್ರ.

ಇದರಿಂದ ನಾನು ಊಹಿಸುವುದಿಷ್ಟು. ಶನಿವಾರ ಭಾನುವಾರ ಯಾರೋ ನಿಮ್ಮ ಅಡುಗೆಮನೆಗೆ ಬೀಗ ಹಾಕಿ ಹೋಗುತ್ತಾರೆ. ಖಾಲಿ ಫಾರಂಗಳು ಕೌಂಟರಿನಲ್ಲೇ ಇರುವುದರಿಂದ ಅವು ಮಾತ್ರ ಆಗಲೂ ತೆರೆಯುತ್ತವೆ. ಹಾಕಲಿ, ಈ ದೇಶದಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆದರೂ ನೆರೆಯವರು ಬಾಗಿಲು ತಟ್ಟುತ್ತಾರೆ, ಸರ್ವರ್ ಒಂದು ವಿಶ್ರಾಂತಿ ಪಡೆದರೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಕೌಂಟರಿನವನು ಆಗ "ಅಡುಗೆಮನೆ ಮುಚ್ಚಿದೆ, ಸೋಮವಾರ ಬನ್ನಿ" ಎನ್ನಬೇಕಿತ್ತು. ಹಳೆಯ ಅರ್ಜಿದಾರರು ಹೇಳುವಂತೆ ಮೊದಲು ಅನ್ನುತ್ತಿದ್ದ ಕೂಡ, ದೊಡ್ಡದೊಂದು ಕೆಂಪು ಪುಟದಲ್ಲಿ. ಜನ ಅದನ್ನು ನೋಡಿ ದೂರುತ್ತಿದ್ದರು. ಆಮೇಲೆ ಯಾರೋ ಒಬ್ಬರು ಆ ತಪ್ಪಿನ ಪುಟವನ್ನು ತೆಗೆದು, ಅದರ ಜಾಗದಲ್ಲಿ ಧನ್ಯವಾದದ ಪುಟ ಇಟ್ಟರು. ದೂರು ನಿಂತಿತು. ನಿಲ್ಲದೆ ಏನು? ಕೌಂಟರಿನವನು ಚೀಟಿ ಇಸಿದುಕೊಂಡು, ನಗುತ್ತಾ ಕೈ ಮುಗಿದು, ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಾನೆ. ಕಳೆದ ವಸಂತದಲ್ಲಿ ಇಲ್ಲಿನ ಸ್ಥಳೀಯ ಪತ್ರಿಕೆಯಲ್ಲಿ ನಿಮ್ಮ ಫೋಟೋ ಬಂದಿತ್ತು. ಪೋರ್ಟಲ್ಲನ್ನು ಹೊಸ ಟೂಲ್‌ಕಿಟ್‌ಗೆ ಬದಲಿಸಿದ ಮೇಲೆ ದೋಷದ ಪುಟಗಳು ಸೊನ್ನೆಗೆ ಇಳಿದಿವೆ ಎಂದು ಹೇಳಿದ್ದಿರಿ. ಅದರಲ್ಲಿ ಸುಳ್ಳೇನೂ ಇಲ್ಲ. ಥರ್ಮಾಮೀಟರ್ ಒಡೆದುಹಾಕಿದ ಮನೆಯಲ್ಲಿ ಜ್ವರವೂ ಸೊನ್ನೆಯೇ.

ದ್ವಾರಕನಾಥ ದಿನವೂ ಅಬ್‌ಸ್ಟಾಟ್ ಎಂಬ ಊರಿಗೆ ಹೋಗಿ ಕಾರುಗಳ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್. ಎಲ್ಲವನ್ನೂ ಕೇಳಿ ಅವರು ಹೇಳಿದ್ದು: "ಅಲ್ಲ ಕಣೇ, ನಮ್ಮಲ್ಲಿ ಬ್ರೇಕ್ ಫೇಲ್ ಆದಾಗ 'ಶುಭ ಪ್ರಯಾಣ' ಅಂತ ಲೈಟ್ ಹತ್ತೋ ಹಾಗೆ ಮಾಡಿದ್ರೆ ಒದ್ದು ಓಡಿಸ್ತಾರೆ. ನಿಮ್ಮ ಲೈನಲ್ಲಿ ಪೇಪರ್ನೋರನ್ನ ಕರ್ದು ಫೋಟೋ ತೆಗೆಸ್ಕೋತಾರೆ!"

ನನ್ನ ಲೈನಿನ ಪರವಾಗಿ ನಾನು ಒಂದಿಷ್ಟು ವಾದಿಸಿದೆ. ಇದು ಟೂಲ್‌ಕಿಟ್‌ನ ತಪ್ಪಲ್ಲ, ಅದನ್ನು ಬರೆದವರದೂ ಅಲ್ಲ. ಕಿಂಡಿಯ ತಪ್ಪಂತೂ ಅಲ್ಲವೇ ಅಲ್ಲ. ಕಿಂಡಿಯ ನಿಯಮದಂತೆ ಕೌಂಟರಿನವನು ಐನೂರ ಎರಡು ಎಂದು ಕೂಗುತ್ತಲೇ ಇದ್ದ, ಅವನ ಬಾಯಿಗೆ ಯಾರೋ ಬಟ್ಟೆ ತುರುಕಿದರು. ಆ ಯಾರೋ ಕೂಡ ಕೆಟ್ಟವರಿರಲಿಕ್ಕಿಲ್ಲ. ಶುಕ್ರವಾರ ಮಧ್ಯಾಹ್ನದ ಮೀಟಿಂಗಿನಲ್ಲಿ "ಆ ಕೆಂಪು ಪುಟ ಜನರನ್ನು ಗಾಬರಿ ಮಾಡುತ್ತಿದೆ, ಏನಾದರೂ ಸೌಮ್ಯವಾದದ್ದು ಹಾಕಿ," ಎಂದು ಒಬ್ಬರು ಹೇಳಿರಬೇಕು. ಮಿಕ್ಕವರು ತಲೆಯಾಡಿಸಿರಬೇಕು. ಆ ಮೀಟಿಂಗಿನಲ್ಲಿ ನಾನಿದ್ದಿದ್ದರೆ ಎದ್ದುನಿಂತು ಬೇಡ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ ಎಂದು ಬರೆಯಲು ಆಸೆ. ಖಾತ್ರಿಯಿಲ್ಲ.

ನನ್ನ ಊಹೆಯೇ ತಪ್ಪಿರಲೂಬಹುದು. ನಿಮ್ಮ ಸರ್ವರಿನೊಳಗೆ ನಾನು ಇಣುಕಿಲ್ಲ. ಮುಂಬಾಗಿಲಲ್ಲಿ ನಿಂತು ಉಪ್ಪಿಟ್ಟು ಕೇಳಿದ್ದೇನೆ, ಅಷ್ಟೇ. ಇದಕ್ಕೆ ಹ್ಯಾಕಿಂಗ್ ಎಂದು ಹೆಸರಿಡುವುದಾದರೆ ಮೈಸೂರಿನ ಅರ್ಧ ಜನ ದಿನಾ ಬೆಳಿಗ್ಗೆ ಹ್ಯಾಕರುಗಳೇ. ಬೇರೆ ವಿವರಣೆ ಇದ್ದರೆ ಕೊಡಿ, ಇದೇ ಪುಟದಲ್ಲಿ ಕ್ಷಮೆ ಕೇಳುತ್ತೇನೆ. ಆದರೆ ಒಂದನ್ನು ಯೋಚಿಸಿ. ನಿಮ್ಮ ಸಿಬ್ಬಂದಿ ಪೋರ್ಟಲ್ಲನ್ನು ಪರೀಕ್ಷಿಸುವುದು ಕಚೇರಿಯ ದಿನ. ಭಾನುವಾರ ಅರ್ಜಿ ಹಾಕುವವರು ಯಾರು? ವಾರವಿಡೀ ಬಿಡುವಿಲ್ಲದವರು. ಬಸ್ ಓಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ನಿಮ್ಮ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸುವವರು. ರೆಬೆಕಾ ಒಬ್ಬಳೇ ಎಂದು ನೀವು ನಂಬುತ್ತೀರಾ? ಮಿಕ್ಕವರು ಧನ್ಯವಾದದ ಪುಟ ನೋಡಿ ನೆಮ್ಮದಿಯಾಗಿ ಕಾಯುತ್ತಿರಬಹುದು. ಅವರಿಗಾಗಿ, ಓದುತ್ತಿರುವ ಕನ್ನಡಿಗರೇ, ನಿಮಗಾಗಿಯೂ, ಒಂದು ಮಾತು: ನಂಬರ್ ಬಾರದ ಧನ್ಯವಾದವನ್ನು ನಂಬಬೇಡಿ.

ಈಗ ಬೇಡಿಕೆ. ಅಡುಗೆಮನೆ ಮುಚ್ಚಿದ್ದರೂ ಕೌಂಟರಿನವನು ಬಂದವರ ಲೆಕ್ಕ ಬರೆದಿಡುತ್ತಾನೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸಂಪರ್ಕದಿಂದ, ಯಾವ ಪುಟಕ್ಕೆ ಕಳಿಸಿದರು, ಒಳಗಿನಿಂದ ಉತ್ತರ ಬಂತೇ ಇಲ್ಲವೇ. ಎಲ್ಲವೂ ಒಂದೊಂದು ಸಾಲಾಗಿ ಸರ್ವರಿನ ಲಾಗ್‌ನಲ್ಲಿರುತ್ತದೆ. ರೆಬೆಕಾ ಆ ಭಾನುವಾರ ನಿಮ್ಮ ಬಾಗಿಲು ತಟ್ಟಿದ ಸಾಲು ಅಲ್ಲಿರಲೇಬೇಕು. ಅವಳ ಫೋನಿನ ಫೋಟೋದಲ್ಲಿರುವ ಹೊತ್ತಿಗೆ ಅದನ್ನು ಹೋಲಿಸಿ ನೋಡಿದರೆ ಅವಧಿಯೊಳಗೆ ಬಂದಿದ್ದಳು ಎಂಬುದು ನಿಮಗೇ ತಿಳಿಯುತ್ತದೆ. ಆದರೆ ನಿಮ್ಮ ದತ್ತಾಂಶ ರಕ್ಷಣೆಯ ಪುಟದಲ್ಲಿ, ಅತ್ಯಂತ ಸಣ್ಣ ಅಕ್ಷರಗಳಲ್ಲಿ, ನಾಲ್ಕು ವಾರ ತುಂಬಿದ ಲಾಗ್‌ಗಳನ್ನು ಅಳಿಸುತ್ತೇವೆ ಎಂದಿದೆ. ಬರುವ ಭಾನುವಾರಕ್ಕೆ ನಾಲ್ಕು ವಾರ. ಅರ್ಜಿ ತೆಗೆದುಕೊಳ್ಳುವ ಸ್ಕ್ರಿಪ್ಟ್ ಭಾನುವಾರ ಮಲಗಿದರೂ, ಅಳಿಸುವ ಸ್ಕ್ರಿಪ್ಟ್ ಎದ್ದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಆದ್ದರಿಂದ ಆ ಅಳಿಸುವಿಕೆಯನ್ನು ಇಂದೇ ತಡೆಯಿರಿ. ಆ ಸಾಲನ್ನು ತೆಗೆಸಿ ಕೆಳಗಿನ ಮಹಡಿಯ ಕೌಂಟರಿಗೆ ಕೊಡಿ, ರೆಬೆಕಾಳ ಅರ್ಜಿ ಸಕಾಲದಲ್ಲಿ ಬಂದಿತ್ತು ಎಂದು ಲಿಖಿತವಾಗಿ ಒಪ್ಪಿಕೊಳ್ಳಿ, ಅವಳ ಸರ್ಟಿಫಿಕೇಟ್ ಕೊಡಿಸಿ. ಅವಳಂತೆ ಭಾನುವಾರಗಳಲ್ಲಿ ತಟ್ಟಿಹೋದ ಮಿಕ್ಕವರನ್ನೂ ಹುಡುಕಿ ತಿಳಿಸಿ. ಮತ್ತು ಆ ಕೆಂಪು ಪುಟವನ್ನು ದಯವಿಟ್ಟು ವಾಪಸು ಇಡಿ. ನಮಗೆ ಅಷ್ಟು ಬೇಗ ಗಾಬರಿಯಾಗುವುದಿಲ್ಲ.

ವೃದ್ಧಾಶ್ರಮದವರು ರೆಬೆಕಾಳ ಜಾಗವನ್ನು ಈ ತಿಂಗಳ ಕೊನೆಯವರೆಗೆ ಖಾಲಿ ಇಡುತ್ತಾರೆ. ನಿನ್ನೆ ಅವಳು ಮೆಟ್ಟಿಲಲ್ಲಿ ಸಿಕ್ಕಿದಳು. "ಅಕ್ಕಾ, ಫ್ರೀಜರಲ್ಲಿ ಬಂಗುಡೆ ಉಂಟು, ತುಂಬಾ. ಈಗಲೇ ತಿಂದು ಖಾಲಿ ಮಾಡ್ಲಾ, ಇಡ್ಲಾ?" ಎಂದು ಕೇಳಿದಳು. ತಮಾಷೆಯ ದನಿಯಲ್ಲೇ ಕೇಳಿದ್ದು, ಆದರೆ ಉತ್ತರಕ್ಕಾಗಿ ನಿಂತಳು. ಮಾನ್ಯರೇ, ಉತ್ತರ ಮೂರನೇ ಮಹಡಿಯಲ್ಲಿದೆ. ಅದನ್ನು ನನಗೆ ಬರೆಯುವುದು ಬೇಡ, ಅವಳಿಗೇ ಬರೆಯಿರಿ. ಎರಡು ಸಾಲು ಸಾಕು.

ಇಂತಿ,
ನಿಮ್ಮ ಅಂಕಿಅಂಶಗಳ ಪ್ರಕಾರ ಈವರೆಗೆ ಯಾವ ತೊಂದರೆಯನ್ನೂ ಅನುಭವಿಸದ,
ಶ್ರೀಲಕ್ಷ್ಮಿ
(ಕಿಂಡಿಯ ಒಳಬದಿಯಲ್ಲಿ ಕೆಲಸ ಮಾಡುವವಳು, ಇತ್ತೀಚೆಗೆ ಹೊರಬದಿಯಲ್ಲೂ ನಿಂತವಳು)