ಸೋಮವಾರದ ಪ್ರಮಾಣವಚನಕ್ಕೆ ಮುಂಚೆ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಕಡ್ಡೀ,

ಹೌದು, ಇನ್ನೂ 'ಪ್ರೀತಿಯ' ಎಂದೇ ಬರೆಯುತ್ತಿದ್ದೇನೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ, ಏನು ಮಾಡಲಿ.

ನನ್ನನ್ನು ನ್ಯಾಯಾಧೀಶೆ ಮಾಡಬಾರದು ಎಂದು ವಕೀಲರ ಸಂಘ ಕಳಿಸಿದ ಆಕ್ಷೇಪಣೆಯನ್ನು ಓದಿದೆ. ಹನ್ನೊಂದು ಸಹಿ. ಹತ್ತನ್ನು ನೋಡಿ ನಕ್ಕುಬಿಟ್ಟೆ. ಎಲ್ಲರೂ ನನ್ನೆದುರು ಸೋತವರು, ಹೊಟ್ಟೆಯುರಿ ಇರಬೇಕಾದದ್ದೇ. ಹನ್ನೊಂದನೆಯದು ನಿನ್ನದು. ಕಾಲೇಜಿನಲ್ಲಿ ಒಂದೇ ಬೆಂಚು. ಆಮೇಲೆ ಹತ್ತೊಂಬತ್ತು ವರ್ಷ ಒಂದೇ ಕೋರ್ಟು, ನಾನು ಸರ್ಕಾರದ ಪರ, ನೀನು ಆರೋಪಿಗಳ ಪರ. ಬೆಳಿಗ್ಗೆ ಜಗಳ, ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಊಟ. ಒಂದು ಮಾತು ಎದುರಿಗೇ ಹೇಳಬಾರದಿತ್ತೆ?

ಆಕ್ಷೇಪಣೆಯನ್ನು ತಳ್ಳಿಹಾಕಿದ್ದು ನಿನಗೂ ಗೊತ್ತು. ಸೋಮವಾರ ಪ್ರಮಾಣವಚನ. ಆ ಕುರ್ಚಿಯನ್ನು ಯಾರೂ ನನಗೆ ಬಳುವಳಿ ಕೊಟ್ಟಿಲ್ಲ. ಎರಡು ಸಲ ಪರೀಕ್ಷೆ ಬರೆದೆ, ಮೊದಲ ಸಲ ಸಂದರ್ಶನದಲ್ಲೇ ಮುಗ್ಗರಿಸಿದೆ. ಎರಡನೆಯ ಸಲ, "ಇಷ್ಟು ವರ್ಷ ಶಿಕ್ಷೆ ಕೊಡಿಸಿದ ಕೈಗೆ ಬಿಡುಗಡೆ ಬರೆಯೋಕೆ ಬರುತ್ತಾ?" ಎಂದು ಕೇಳಿದರು. "ಸಾಕ್ಷ್ಯ ಸಾಲದು ಅಂತ ನಾನೇ ಕೈಬಿಟ್ಟ ಕೇಸುಗಳನ್ನ ಎಣಿಸಿ ನೋಡಿ" ಎಂದೆ. ಎಣಿಸಿದರು ಕೂಡ.

ನಿನ್ನ ಸಹಿಯನ್ನು ಅಮ್ಮನಿಗೆ ತೋರಿಸಿ ಕೂಗಾಡಿದೆ. ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, ಕನ್ನಡಕ ಏರಿಸಿಕೊಂಡು, "ಆ ಹುಡುಗಿ ಸುಮ್‌ಸುಮ್ನೆ ಸಹಿ ಹಾಕೋಳಲ್ಲ. ನೀನೇನು ಮಾಡಿದ್ದೆ?" ಎಂದಳು. ತಲೆ ನರೆತ ನೀನು ಅವಳಿಗೆ ಇನ್ನೂ ಹುಡುಗಿ, ಹೆತ್ತ ಮಗಳು ಮಾತ್ರ ಆರೋಪಿ! ಬಾಗಿಲು ಬಡಿದು ಒಳಗೆ ಹೋದೆ.

ಕಳೆದ ತಿಂಗಳು ನಡೆದದ್ದನ್ನು ಕೇಳು. ತರಬೇತಿಗೆಂದು ಹಿರಿಯ ನ್ಯಾಯಾಧೀಶರೊಬ್ಬರ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದರು. ಮೊದಲ ದಿನವೇ ಒಬ್ಬ ವಕೀಲ ಸಾಕ್ಷಿಯ ಬಾಯಿಗೆ ಉತ್ತರ ತುರುಕಿದ. ನಾನು ದಡಕ್ಕನೆದ್ದು "ಆಕ್ಷೇಪಣೆ ಇದೆ!" ಎಂದೆ. ಪೀಠದ ಮೇಲಿನವರು ಎದ್ದರೆ ಕೋರ್ಟೇ ಏಳಬೇಕಲ್ಲ! ವಕೀಲರು, ಗುಮಾಸ್ತೆ, ಪೊಲೀಸರು, ಕಟಕಟೆಯಲ್ಲಿ ಕುಸಿದು ಕೂತಿದ್ದ ಆರೋಪಿ, ಎಲ್ಲರೂ ಎದ್ದು ನಿಂತರು. ಹಿರಿಯರು ನನ್ನ ತೋಳು ಹಿಡಿದು, "ಕೂತ್ಕೊಳ್ಳಮ್ಮ, ಇಲ್ಲಿ ಏಳೋದು ಮನೆಗೆ ಹೋಗೋಕೆ ಮಾತ್ರ" ಎಂದರು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಮೂರನೆಯ ದಿನ ಹಿರಿಯರು, ಇನ್ನು ದಾಖಲೆಗೆ ಬರೆಸುವ ಕೆಲಸ ನಿಮ್ಮದೇ, ಈ ಸಾಕ್ಷಿಯ ಹೇಳಿಕೆಯನ್ನು ನೀವೇ ಬರೆಸಿ ಎಂದರು. ಮನೆಮನೆಗೆ ಪತ್ರಿಕೆ ಹಾಕುವ ಮುದುಕ. ಅವನು ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ನಾನು ಒಂದು ಚೊಕ್ಕ ವಾಕ್ಯ ಮಾಡಿ ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದೆ. ಮುದುಕ ಕೈಮುಗಿದು, "ನಾನು ಹಾಗೆ ಹೇಳ್ಲಿಲ್ವಲ್ಲಮ್ಮ" ಎಂದ. ಆ ವಾಕ್ಯವನ್ನು ಅಳಿಸಿ, ಅವನು ಹೇಳಿದ ಹಾಗೆಯೇ ಬರೆಸಿದೆ. ಅರ್ಧ ಗಂಟೆ ಹಿಡಿಯಿತು.

ಯಾವ ಕೇಸು ನೆನಪಾಯಿತೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬೀಗ ರಿಪೇರಿಯವನದು, ಆ ಮನೆಗಳ್ಳತನದ್ದು. ಪಕ್ಕದ ಮನೆಯಾಕೆ ಹೇಳಿದ್ದು, "ಬೆನ್ನು ಮಾತ್ರ ಕಾಣಿಸ್ತು, ಅವನ ಹಾಗೇ ಇತ್ತು" ಎಂದು. ಅಂದಿನ ನ್ಯಾಯಾಧೀಶರು ಬರೆಸಿದ್ದು, "ಆರೋಪಿಯನ್ನು ಕಂಡೆನು" ಎಂದು. ನೀನು ಎದ್ದು ಕೂಗಿದೆ. ಅವರು ನನ್ನತ್ತ ತಿರುಗಿ, ನಿಮಗೇನು ಕೇಳಿಸಿತು ಎಂದರು. ಬರೆಸಿದ್ದೇ ಸರಿ ಎಂದೆ. ನನಗೆ ಸ್ಪಷ್ಟವಾಗಿ ಕೇಳಿಸಿತ್ತು, ಕಡ್ಡೀ. ಅವನೇ ಕಳ್ಳ ಎಂದು ನಂಬಿದ್ದೆ, ಆ ನಂಬಿಕೆಗೋಸ್ಕರ ಸುಳ್ಳು ಹೇಳಿದೆ. ಏಳು ವರ್ಷ ಶಿಕ್ಷೆ, ನಾಲ್ಕು ಕಳೆದಿದ್ದಾನೆ. ದಾಖಲೆಯಲ್ಲಿ ಬೇರೆಯೇ ಇರುವುದರಿಂದ ನಿನ್ನ ಮೇಲ್ಮನವಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಇಷ್ಟು ಒಪ್ಪಿಕೊಂಡೆನೆಂದು ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಸಹಿಯ ಪಕ್ಕ 'ಪೂರ್ವಗ್ರಹ ಪೀಡಿತೆ' ಎಂದು ಎರಡು ಪದ ಗೀಚಿ ಹತ್ತು ಜನರ ಮರೆಯಲ್ಲಿ ನಿಂತೆಯಲ್ಲ! ಈ ಕೇಸನ್ನೇ ಬಿಡಿಸಿ ಬರೆಯಬೇಕಿತ್ತು. ನಾಲ್ಕು ವರ್ಷ ದಿನಾ ಜೊತೆಗೆ ಉಂಡೂ ಒಂದು ಸಲ ಕೇಳಲಿಲ್ಲ. ನನ್ನನ್ನು ಕಳೆದುಕೊಳ್ಳುವ ಭಯವಿತ್ತೇ? ನನಗಂತೂ ಇತ್ತು.

ಆದರೆ ನಾನು ಹಿಂದೆ ಸರಿಯುವವಳಲ್ಲ. ಆ ಕುರ್ಚಿಯಲ್ಲಿ ಕೂತವರು ಒಂದೇ ವಾಕ್ಯದಿಂದ ಒಬ್ಬನ ಬದುಕನ್ನು ಏನು ಮಾಡಬಲ್ಲರು ಎಂಬುದು ಆ ಹತ್ತು ಜನರಿಗಿಂತ ನನಗೆ ಚೆನ್ನಾಗಿ ಗೊತ್ತು. ನನಗೆ ಆ ಕುರ್ಚಿ ಬೇಕು. ಸೋಮವಾರ ಹತ್ತು ಗಂಟೆಗೆ ಬಾ, ಮುಂದಿನ ಸಾಲಿನಲ್ಲೇ ಕೂತುಕೋ.

ನಿನ್ನ
ಗಯ್ಯಾಳಿ

ತಾ.ಕ.: ಜೊತೆಗಿರುವ ಎರಡು ಹಾಳೆ ನನ್ನ ಅಫಿಡವಿಟ್ಟಿನ ಪ್ರತಿ. ಆಕೆ ಹೇಳಿದ್ದೇನು, ನಾನು ಹೇಳಿದ ಸುಳ್ಳೇನು, ಎಲ್ಲ ಇದೆ. ಮೂಲವನ್ನು ಇವತ್ತು ಬೆಳಿಗ್ಗೆ ಮೇಲ್ಮನವಿ ಕೋರ್ಟಿಗೆ ಕೊಟ್ಟು ಬಂದೆ, ಇನ್ನೊಂದನ್ನು ಆಯ್ಕೆ ಸಮಿತಿಗೆ. "ಸೋಮವಾರ ಕಳೀಲಿ, ಕುರ್ಚಿ ಮೇಲೆ ಕೂತ್ಮೇಲೆ ನಿನ್ನನ್ನ ಯಾರೂ ಮುಟ್ಟೋಕಾಗಲ್ಲ" ಎಂದು ನಮ್ಮ ಸರ್ಕಾರಿ ವಕೀಲರ ಕಚೇರಿಯ ದೊಡ್ಡವರು ಗೋಗರೆದರು. ಅದಕ್ಕೇ ಶುಕ್ರವಾರ ಕೊಟ್ಟೆ. ಸೋಮವಾರ ಹತ್ತಕ್ಕೆ ನಾನಂತೂ ಅಲ್ಲಿರುತ್ತೇನೆ. ಬೇಡ ಎನ್ನುವವರು ಎಲ್ಲರೆದುರು ಬೇಡ ಎನ್ನಲಿ. ನೀನು ತಡಮಾಡದೆ ನನ್ನನ್ನು ಸಾಕ್ಷಿಯಾಗಿ ಕರೆಸು. ಸರ್ಕಾರದ ಪರ ಪಾಟೀಸವಾಲು ಮಾಡುವವಳು ನನ್ನ ಜಾಗಕ್ಕೆ ಬಂದ ಹುಡುಗಿ, ನಾನೇ ತಯಾರು ಮಾಡಿದವಳು. ನನ್ನ ಚರ್ಮ ಸುಲಿಯುತ್ತಾಳೆ. ನೀನು ನಡುವೆ ಎದ್ದು ತಡೆಯಬೇಡ.