ಸಾತ್ವಿಕ ಬಾಯಿ ತೆರೆದ ದಿನ

ತಳೇಗಾಂವ ದಾಭಾಡೆ, ಪುಣೆ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ರಂಗೂ,

ಹೇಗಿದ್ದೀ? ನಾಗವ್ವನ ಸೊಂಟದ ಆಪರೇಷನ್ ಆಗಿ ಮೂರು ವಾರವಾಯಿತು. ಈಗ ವಾಕರ್ ಹಿಡಿದು ಬಾಗಿಲತನಕವಾದರೂ ಬರುತ್ತಾಳೋ ಇಲ್ಲವೋ? ಅಕ್ಕನ ಸೇವೆಯಲ್ಲಿ ನಿನ್ನ ಮೊಣಕಾಲು ಮರೆಯಬೇಡ, ಎಣ್ಣೆ ಹಚ್ಚಿಕೋ, ಬೆಳಗಾವಿಯ ಥಂಡಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎಂದು ನಿನಗೆ ನಗು ಬರಬಹುದು. ಫೋನ್ ಮಾಡಿದರೆ ನಾಗವ್ವನ ಮಗ ಚೇತನ ಸ್ಪೀಕರ್ ಹಚ್ಚುತ್ತಾನೆ. ಓಣಿಗೆಲ್ಲ ಕೇಳಿಸುತ್ತದೆ, ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಇದು ಓಣಿಗೆ ಕೇಳಿಸುವ ಮಾತಲ್ಲ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೊಮ್ಮಗ ಸಾತ್ವಿಕ ಈಗ ಆರಾಮಾಗಿದ್ದಾನೆ. ಈ ಸಾಲು ಬರೆಯುವಾಗ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಬೋರಲು ಬಿದ್ದು ನನ್ನ ಚಪ್ಪಲಿ ಎಳೆಯುತ್ತಿದ್ದಾನೆ. ಇಷ್ಟು ತಿಳಿದುಕೊಂಡು ಮುಂದೆ ಓದು.

ನೀನು ಹೋಗುವಾಗ ಅವನಿಗೆ ಆರು ತಿಂಗಳು ತುಂಬಿ, ಪಾಯಸ ನೆಕ್ಕಿಸುವ ಶಾಸ್ತ್ರವಷ್ಟೇ ಆಗಿತ್ತು. ನಿಜವಾದ ಊಟ ಶುರುವಾದದ್ದು ನೀನು ಹೋದ ಮೇಲೆ. ನಿನ್ನ ಮಗ ವಿಕಾಸನಿಗೆ ಈ ತಿಂಗಳು ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟ್. ಸೊಸೆ ನೀಲಿಮಾಳ ಹೆರಿಗೆ ರಜೆ ಮುಗಿದು, ಒಂಬತ್ತೂವರೆಗೆ ಹಿಂಜವಾಡಿಯ ಆಫೀಸಿನ ಕ್ಯಾಬ್ ಬಂದು ಕರೆದುಕೊಂಡು ಹೋಗುತ್ತದೆ. ಹೀಗಾಗಿ ಮಧ್ಯಾಹ್ನದ ಊಟ ನನ್ನ ಪಾಲಿಗೆ ಬಂತು. ಮಕ್ಕಳ ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ, ಫ್ರಿಜ್ಜಿನ ಮೇಲೆ ಅಂಟಿಸಿದೆ. ಗಜ್ಜರಿ, ಕುಂಬಳಕಾಯಿ ಮೆತ್ತಗೆ ಬೇಯಿಸಿ ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ ಮುಂದೆ ಇಡಬೇಕಂತೆ, ಕೂಸು ತಾನೇ ಹಿಡಿದು ತಿನ್ನಬೇಕಂತೆ, ನಾವು ಬಾಯಿಗೆ ತುರುಕಬಾರದಂತೆ. ನನಗೆ ಅಲ್ಲಿಂದಲೇ ಗೊಂದಲ. ಬೆರಳು ಅಂದರೆ ಯಾರ ಬೆರಳು? ಮೂವತ್ತೊಂದು ವರ್ಷ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸು ಕಳಿಸಿದವನು ನಾನು. ಡಾಕ್ಟರಮ್ಮನ ಬೆರಳೋ, ನನ್ನದೋ, ಸಾತ್ವಿಕನದೋ ಎಂದು ನೀಲಿಮಾಳನ್ನು ಕೇಳಿದೆ. ಅವಳು ನಕ್ಕು, "ನಿಮ್ಮ ಕಿರಿಬೆರಳಿನಷ್ಟ ಸಾಕ್ರಿ, ಮಾಮಾ" ಅಂದಳು. ಮರುದಿನ ಮೇಲಿನ ಮಹಡಿಯ ಸಾಯಲಿ ಬಂದು, ಅಷ್ಟು ದೊಡ್ಡ ತುಂಡೇ, ಗಂಟಲಿಗೆ ಸಿಕ್ಕರೆ ಏನು ಗತಿ ಎಂದು ಮರಾಠಿಯಲ್ಲಿ ಬೈದು ಹೋದಳು. ನೀಲಿಮಾಳ ಫೋನು ಮೂರನೆಯ ಮಾತು ಹೇಳುತ್ತದೆ. ಯಾರದ್ದು ಕೇಳಬೇಕೋ ತಿಳಿಯದೆ ಒಂದು ದಿನ ದೊಡ್ಡ ತುಂಡು, ಒಂದು ದಿನ ಸಣ್ಣದು ಮಾಡುತ್ತ ಹೋದೆ.

ಗಂಟಲಿಗೆ ಸಿಗುವುದೂ ಒಂದು ಶಾಸ್ತ್ರವೇ ಆಗಿದೆ ಈಗ. ಅವನು ಗಜ್ಜರಿ ಕಚ್ಚಿ ಓಕರಿಸಿದಂತೆ ಮಾಡಿ, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದರೆ ನಾನು ಕುರ್ಚಿ ಕೆಡವಿ ಏಳುತ್ತೇನೆ. ನೀಲಿಮಾ ಇದ್ದರೆ ಕೈ ಅಡ್ಡ ಹಿಡಿದು, "ತಡೀರಿ ಮಾಮಾ, ಬೆರಳು ಹಾಕಬ್ಯಾಡ್ರಿ. ಕೆಮ್ಮಾಕತ್ತಾನಂದ್ರ ಉಸಿರು ಅದ. ಸಪ್ಪಳ ನಿಂತರ ಅಷ್ಟ ಗಾಬರಿ ಆಗಬೇಕು" ಅನ್ನುತ್ತಾಳೆ. ಅವಳಿಲ್ಲದಾಗ ಆ ಸಪ್ಪಳ ಕೇಳುತ್ತ ಕೂರುವುದು ಎಷ್ಟು ಕಷ್ಟ ಎಂದು ಅವಳಿಗೆ ಹೇಗೆ ಹೇಳಲಿ? ನಮ್ಮ ವಿಕಾಸ ಮೊದಲು ಏನು ತಿಂದ, ಯಾರ ಕೈಯಿಂದ ತಿಂದ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಏನೂ ಬರಲಿಲ್ಲ. ನಾನು ಶಿಫ್ಟಿನಲ್ಲಿದ್ದೆ. ನಾನು ಮನೆಗೆ ಬಂದಾಗೆಲ್ಲ ಅವನ ಊಟ ಆಗಿರುತ್ತಿತ್ತು, ಇಲ್ಲವೇ ಅವನು ಮಲಗಿರುತ್ತಿದ್ದ. ಎಪ್ಪತ್ತರ ಹತ್ತಿರ ಬಂದು ಈಗ ಮೊದಲ ಸಲ ಒಂದು ಕೂಸಿನ ಎದುರು ಬಟ್ಟಲು ಹಿಡಿದು ಕೂತಿದ್ದೇನೆ.

ಅವನೋ ಬಾಯಿಯನ್ನೇ ತೆರೆಯುತ್ತಿರಲಿಲ್ಲ, ರಂಗೂ. ಅನ್ನ ಬೇಳೆ ಕಿವುಚಿ ಕೊಟ್ಟರೆ ತುಟಿ ಬಿಗಿ ಹಿಡಿಯುತ್ತಿದ್ದ. ಬಾಳೆಹಣ್ಣು ಕೊಟ್ಟರೆ ಹಿಸುಕಿ ತಲೆಗೆ ಹಚ್ಚಿಕೊಳ್ಳುತ್ತಿದ್ದ. ಸಂಜೆ ನೀಲಿಮಾ ಬ್ಯಾಗು ಇಳಿಸುವ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಅವಳ ಮುಖ ಸಣ್ಣಗಾಗುವುದನ್ನು ನೋಡಲಾರದೆ ನಾನೇ ಎರಡು ಸಲ ಅರ್ಧ ಊಟ ಚೆಲ್ಲಿ, ತಿಂದ ಎಂದು ಹೇಳಿದ್ದೇನೆ.

ಹೋದ ತಪಾಸಣೆಯಲ್ಲಿ ತೂಕ ಸ್ವಲ್ಪವೇ ಏರಿದೆ ಎಂದು ಕಂಡು, ಡಾಕ್ಟರಮ್ಮ ಕೋಳಿತತ್ತಿ ಶುರು ಮಾಡಿ ಎಂದರಂತೆ. ಭಾನುವಾರ ವಿಕಾಸ ಆರು ತತ್ತಿ ತಂದ. ನಿನ್ನ ಅಡುಗೆಮನೆಯಲ್ಲಿ ಇದುವರೆಗೆ ಬಾರದ ವಸ್ತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ನಿಮ್ಮ ಅತ್ತೆ ಬರುವತನಕವಾದರೂ ತಡೆಯಬಹುದಿತ್ತು, ಈ ಕೂಸಿನ ಮೈಗೆ ಅದು ಒಗ್ಗುವುದಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ. ನೀಲಿಮಾ, "ಬ್ಯಾರೆ ಪಾತ್ರಿ ಇಟ್ಟೀನ್ರಿ ಮಾಮಾ. ಕೂಸಿಗೆ ಶಕ್ತಿ ಬರಬೇಕಲ್ರಿ" ಎಂದಷ್ಟೇ ಅಂದಳು. ನಾನು ತಟ್ಟೆ ತೆಗೆದುಕೊಂಡು ಹೋಗಿ ಬಾಲ್ಕನಿಯಲ್ಲಿ ಉಂಡೆ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ಬೇಯಿಸಿದ ತತ್ತಿಯ ಹಳದಿಯನ್ನು ಪುಡಿ ಮಾಡಿ ಒಂದು ಚಿಟಿಕೆಯಷ್ಟು ತಿನ್ನಿಸಿದಳು. ನುಂಗಿದ. ಆ ಖುಷಿಯಲ್ಲಿ ಕ್ಯಾಬಿನವನು ನಾಲ್ಕು ಸಲ ಹಾರ್ನ್ ಹೊಡೆದ ಮೇಲೆ ಓಡಿದಳು. ಮಧ್ಯಾಹ್ನ ಒಂದು ಗಂಟೆಗೆ ನಾನು ಅವನ ಅಂಗಿ ಬದಲಿಸುತ್ತಿದ್ದೆ. ಹೊಟ್ಟೆಯ ಮೇಲೆ ಸೊಳ್ಳೆ ಕಚ್ಚಿದಂಥ ಎರಡು ದದ್ದು ಇದ್ದವು. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಎದೆ, ಕುತ್ತಿಗೆಯೆಲ್ಲ ದದ್ದು. ತುಟಿ ಊದಿತು, ವಾಂತಿ ಮಾಡಿದ, ಕಣ್ಣು ಸೀಳಿನಷ್ಟಾದವು. ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಅವನನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಅವನ ಉಸಿರಿನ ಸಪ್ಪಳಕ್ಕೆ ಕಿವಿ ಕೊಟ್ಟುಕೊಂಡು ಹೋದೆ. ಅದೇ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ನೋಡಿದ ತಕ್ಷಣ ತೊಡೆಗೆ ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿನಲ್ಲಿ ಊತ ಇಳಿಯತೊಡಗಿತು. ಸಂಜೆತನಕ ಅಲ್ಲೇ ಇಟ್ಟುಕೊಂಡರು.

ವಿಕಾಸ ಫ್ಯಾಕ್ಟರಿಯ ಬಟ್ಟೆಯಲ್ಲೇ ಬಂದ. ನೀಲಿಮಾ ಬರಲು ಒಂದೂವರೆ ತಾಸು ಹಿಡಿಯಿತು. ಟ್ರಾಫಿಕ್ಕಿನಲ್ಲಿ ಕ್ಯಾಬ್ ನಿಂತುಬಿಟ್ಟಾಗ ಇಳಿದು ಕೊನೆಯ ದಾರಿಯನ್ನು ಓಡಿಯೇ ಬಂದಳಂತೆ. ಅವಳು ಏದುಸಿರು ಬಿಡುತ್ತ ಮಂಚದ ಹತ್ತಿರ ಬಂದಳು, ಆಗ ನಾನು ಏನು ಅಂದೆ ಗೊತ್ತೇ? "ನಾ ಮೊದಲ ಹೇಳಿದ್ದೆ" ಅಂದೆ. ಅವಳು ನನ್ನ ಕಡೆ ನೋಡಲಿಲ್ಲ. ತತ್ತಿ ಕೊಟ್ಟಿದ್ದೆ ಎಂದು ಡಾಕ್ಟರಮ್ಮನಿಗೆ ತಾನೇ ಹೇಳಿದಳು. ಆಕೆ ಹುಬ್ಬು ಗಂಟಿಕ್ಕಿ, ಒಂಬತ್ತಕ್ಕೆ ತಿಂದದ್ದಕ್ಕೆ ಒಂದು ಗಂಟೆಗೆ ಹೀಗಾಗುವುದು ಕಡಿಮೆ, ಸಾಮಾನ್ಯವಾಗಿ ಬೇಗ ಆಗುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅಜ್ಜಾ, ನಡುವೆ ಬೇರೆ ಏನಾದರೂ ಕೊಟ್ಟಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದರು. ಅನ್ನ, ಬೇಳೆ, ಅಷ್ಟೇ ಎಂದೆ. ಆಕೆ ಕಾಗದದ ಮೇಲೆ ತತ್ತಿ ಎಂದು ಬರೆದು ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದರು.

ನಿನ್ನೆಯಿಂದ ನೀಲಿಮಾ ರಜೆಯ ಮೇಲಿದ್ದಾಳೆ. ಉಳಿದ ಐದು ತತ್ತಿ ಎಸೆದಳು, ಆ ಪಾತ್ರೆಯನ್ನು ಮೂರು ಸಲ ತಿಕ್ಕಿದಳು, ಆಮೇಲೆ ಅದನ್ನೂ ಎಸೆದಳು. ಕೂಸಿಗೆ ಹಾಲು ಬಿಟ್ಟು ಬೇರೇನೂ ಕೊಡಲು ಅವಳಿಗೆ ಧೈರ್ಯವಿಲ್ಲ. "ನನ್ನ ಕೈಯಾರ ನಾನ ವಿಷ ಹಾಕಿದೆ" ಎಂದು ವಿಕಾಸನ ಮುಂದೆ ಅಂದದ್ದು ನನ್ನ ಕಿವಿಗೆ ಬಿತ್ತು. ಕೆಲಸ ಬಿಡುತ್ತೇನೆ ಅನ್ನುತ್ತಾಳೆ, ಸಾಹೇಬರಿಗೆ ಪತ್ರ ಟೈಪ್ ಮಾಡುತ್ತ ಕೂತಿದ್ದಾಳೆ. ವಿಕಾಸನಿಗೆ ಯಾರನ್ನು ಸಮಾಧಾನ ಮಾಡಬೇಕೋ ತಿಳಿಯುತ್ತಿಲ್ಲ. ನನ್ನ ತಲೆಯಂತೂ ಕೆಟ್ಟು ಹೋಗಿದೆ. ಮಾತಾಡಿದರೆ ಏನಾಗುತ್ತದೋ, ಸುಮ್ಮನಿದ್ದರೆ ಏನಾಗುತ್ತದೋ. ನೀನಿದ್ದರೆ ನನ್ನ ಮುಖ ನೋಡಿಯೇ ಕೇಳಿಬಿಡುತ್ತಿದ್ದಿ, ನಾನೂ ಹೇಳಿಬಿಡುತ್ತಿದ್ದೆ.

ನಾಗವ್ವನಿಗೆ ನನ್ನ ನಮಸ್ಕಾರ ತಿಳಿಸು, ಅವಸರ ಮಾಡದೆ ಹೆಜ್ಜೆ ಇಡಲು ಹೇಳು. ಚೇತನನಿಗೆ ಆಶೀರ್ವಾದ. ನಿನ್ನ ಗುಳಿಗೆ ತಪ್ಪಿಸಬೇಡ. ಈ ಮನೆಯಲ್ಲಿ ನಿನ್ನ ದಾರಿ ಕಾಯುವವರು ನಾಲ್ಕು ಜನರಿದ್ದಾರೆ, ಅದರಲ್ಲಿ ಒಬ್ಬನಿಗೆ ಅವಸರ ಹೆಚ್ಚು.

ನಿನ್ನ
ಬಾಳಕೃಷ್ಣ

ತಾ. ಕ.: ಗುರುವಾರ, ಬೆಳಗಿನ ಹತ್ತು ಗಂಟೆ. ರಂಗೂ, ಬರುವಾಗ ಶೇಂಗಾ ಉಂಡಿ, ಶೇಂಗಾ ಚಟ್ನಿ ಏನೂ ತರಬೇಡ. ಡಾಕ್ಟರಿಗೆ ನಾನು ಸುಳ್ಳು ಹೇಳಿದ್ದೆ. ನೀನು ಚೇತನನ ಕೈಲಿ ಕಳಿಸಿದ ಉಂಡಿ ಸೋಮವಾರ ಹನ್ನೆರಡೂವರೆಗೆ ನಾನು ತಿನ್ನುತ್ತಿದ್ದೆ, ಸಾತ್ವಿಕ ಕೈ ಚಾಚಿದ. ಒಂದು ಚೂರನ್ನು ಹಾಲಿನಲ್ಲಿ ಕರಗಿಸಿ ನಾಲಗೆಗೆ ಹಚ್ಚಿದೆ. ಹಕ್ಕಿಮರಿಯ ಹಾಗೆ ಬಾಯಿ ತೆರೆದ. ಯಾರಿಗೂ ತೆರೆಯದವನು ನನಗೆ ತೆರೆದನೆಂಬ ಹಿಗ್ಗಿನಲ್ಲಿ ಇನ್ನೂ ಎರಡು ಸಲ ಕೊಟ್ಟೆ. ನಿನ್ನದೇನೂ ತಪ್ಪಿಲ್ಲ, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತತ್ತಿಯೇ ಇರಬಹುದೆಂದು ನಾನೂ ನಂಬಲು ನೋಡಿದೆ, ಆಗಲಿಲ್ಲ. ನಿನ್ನೆ ಸಂಜೆ ನೀಲಿಮಾ ಕೆಲಸ ಬಿಡುವ ಆ ಪತ್ರ ಕಳಿಸುವ ಮೊದಲು ಎದುರಿಗೆ ಹೋಗಿ ಕೂತು ಹೇಳಿಬಿಟ್ಟೆ. ಕೂಗಾಡಲಿಲ್ಲ. "ಎಷ್ಟೊತ್ತಿಗೆ? ಎಷ್ಟು ಕೊಟ್ರಿ?" ಎಂದು ಕೇಳಿ, ನನ್ನ ಎದುರೇ ಡಾಕ್ಟರಿಗೆ ಫೋನ್ ಮಾಡಿದಳು. ಶೇಂಗಾದಿಂದಲೇ ಆಗಿರುವ ಸಂಭವ ಹೆಚ್ಚು, ಇನ್ನೊಮ್ಮೆ ಬಾಯಿಗೆ ಬಿದ್ದರೆ ಇದಕ್ಕಿಂತ ಕೆಟ್ಟದಾಗಬಹುದು, ಅಲರ್ಜಿ ಪರೀಕ್ಷೆ ಆಗುವತನಕ ಅದೂ ಬೇಡ ತತ್ತಿಯೂ ಬೇಡ ಎಂದರು. ಬರುವ ಸೋಮವಾರ ಪರೀಕ್ಷೆ. ಫೋನ್ ಇಟ್ಟ ಮೇಲೆ ಒಂದೇ ಮಾತು ಅಂದಳು: "ಎರಡು ದಿನ ನನ್ನ ಮಾರಿ ನೋಡಿಕೋತ ಕುಂತಿದ್ರಲ್ರಿ, ಮಾಮಾ." ಒಳಗೆ ಹೋದಳು. ವಿಕಾಸನೂ ಅವಳ ಹಿಂದೆಯೇ ಹೋದ. ಕೂಸನ್ನು ಇನ್ನು ನನ್ನ ಕೈಗೆ ಕೊಡುವುದಿಲ್ಲ, ಸಂಬಳಕ್ಕೆ ಕೂಸು ನೋಡಿಕೊಳ್ಳುವ ಯಾವುದಾದರೂ ಪಾಳಣಾಘರಕ್ಕೆ ಬಿಡುತ್ತಾರೆ ಎಂದು ತಿಳಿದು ಬೆಳಗಿನಿಂದ ನನ್ನ ಕೋಣೆಯಲ್ಲೇ ಕೂತಿದ್ದೆ. ಒಂಬತ್ತೂವರೆಗೆ ಕೆಳಗೆ ಹಾರ್ನ್ ಆಯಿತು. ಅವಳು ಬಂದು ಸಾತ್ವಿಕನನ್ನು ನನ್ನ ತೊಡೆಯ ಮೇಲೆ ಕೂರಿಸಿ, ಕುಂಬಳಕಾಯಿ ಅನ್ನದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು. ನಂಬಿ ಕೊಟ್ಟಳೋ, ಬೇರೆ ದಾರಿಯಿಲ್ಲದೆ ಕೊಟ್ಟಳೋ, ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿದರೆ ಬರೆ. ಇವನು ಹಸಿವಿಗೆ ಅಳುತ್ತಿದ್ದಾನೆ, ಪೆನ್ನು ಕೆಳಗಿಡುತ್ತೇನೆ.