ಬಗ್ಗಬೇಡ ಎಂದು ಕಲಿಸಿದ ಅಪ್ಪನಿಗೆ

ಅಪ್ಪಾ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಎಲ್ಲಿದ್ದರೂ ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಡೈಲಾಗು ಹೇಳಿಸುತ್ತಿರುತ್ತೀಯ, ಅದಂತೂ ಗೊತ್ತು. ಸ್ವಲ್ಪ ಹೊತ್ತು ಅವರನ್ನು ಕೂರಿಸಿ ಇದನ್ನು ಓದು. ನಿನ್ನ ಮಗ ರಘುವಿನ ವಿಷಯ ಹೇಳಬೇಕು. ಬದುಕಿದ್ದಾನೆ, ಗಾಬರಿಯಾಗಬೇಡ. ಗಾಬರಿ ನನ್ನ ಪಾಲಿಗಿರಲಿ, ನನಗೆ ಅಭ್ಯಾಸವಾಗಿದೆ.

ತುಮಕೂರಿನ ಖಾದರ್ ಸಾಬರ ಹಳೇ ಪುಸ್ತಕದ ಅಂಗಡಿ ನೆನಪಿದೆಯಾ? ಗುಬ್ಬಿಯಿಂದ ಬಂದು ಬಸ್ಸಿಳಿದ ನೀನು ಹೋಟೆಲಿನ ಕಡೆ ಕೂಡ ತಿರುಗದೆ ನೇರ ಅಲ್ಲಿಗೆ ನುಗ್ಗುತ್ತಿದ್ದೆ. ಬಿ.ಎ. ಓದುತ್ತಿದ್ದ ನಾನು ಕಾಲೇಜು ಬಿಟ್ಟ ಕೂಡಲೇ ಅಲ್ಲಿಗೇ ಬರಬೇಕಿತ್ತು. ಗೋಡೆ ಪಕ್ಕದ ಒಂದೇ ಬೀರುವಿನಲ್ಲಿ ಯುದ್ಧದ ಇತಿಹಾಸ, ನಾಟಕ, ಸಿನಿಮಾ ಮೂರೂ ಒಟ್ಟಿಗೆ ಇರುತ್ತಿದ್ದವು. ಟ್ಯಾಂಕುಗಳ ದಪ್ಪ ಪುಸ್ತಕದ ಪಕ್ಕ ರಟ್ಟು ಕಿತ್ತುಹೋದ ಕಂಪನಿ ನಾಟಕ, ಅದಕ್ಕೆ ಒರಗಿಕೊಂಡು ಯಾವನೋ ಗುಂಗುರು ಕೂದಲಿನ ಹೀರೋ. ಯಾಕೆ ಹೀಗೆ ಎಲ್ಲ ಕಲಸಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ಸಾಬರು, "ಈ ಮೂರೂ ತಗಳೋ ಗಿರಾಕಿ ಒಬ್ರೇ ಕಣಮ್ಮ, ನಿಮ್ಮಪ್ಪ. ಪಾಪ ಹುಡುಕಾಡೋದ್ ಬೇಡ ಅಂತ ಒಂದೇ ಕಡೆ ಮಡಗಿದೀನಿ" ಅಂದರು. ಅವತ್ತು ನೀನು ಬೀಗಿದ್ದೇ ಬೀಗಿದ್ದು.

ಇಂಗ್ಲಿಷ್ ಬಾರದ ನೀನು ಯುದ್ಧದ ಪುಸ್ತಕಗಳ ಚಿತ್ರಗಳ ಮೇಲೆ ಬೆರಳಿಡುತ್ತಿದ್ದೆ, ಕೆಳಗಿನ ಸಾಲನ್ನು ನಾನು ಓದಿ ಹೇಳಬೇಕಿತ್ತು. "ಗುಂಡು ಬಿದ್ರೆ ಮೊದ್ಲು ಮಂಡಿ ಕುಸಿಯುತ್ತಾ, ಸೊಂಟಾನಾ? ನೋಡೇ, ಬರ್ದವ್ರಾ?" ಎಂದು ನೀನು ಕೇಳುತ್ತಿದ್ದದ್ದು ಅಂಗಡಿಗೆಲ್ಲ ಕೇಳಿಸುತ್ತಿತ್ತು. ನನಗೆ ನಾಚಿಕೆ. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ, ಬೆಳ್ಳಾವಿಯಲ್ಲಿ, ರಾಗಿ ಹೊಲದಿಂದ ಕೈಕಾಲು ತೊಳೆದು ಬಂದವರಿಗೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ ಇಷ್ಟೊಂದು ರಣರಂಗ ಯಾಕೆ ಬೇಕು ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು. ಗುಬ್ಬಿ ಮೇಷ್ಟ್ರು ಕಲಿಸಿದ ಸಾವು ನೋಡಬೇಕು ಅಂತ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ರಘು ಕುಣಿಗಲ್ ಕಡೆಯ ಒಂದು ಊರಿನ ನಾಟಕದಲ್ಲಿ ಸೇನಾಪತಿಯ ಮಗನಾಗಿ ಸತ್ತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಣ ತಾಗಿ, ತೋಳು ಅಗಲಿಸಿ, ಪೂರ್ತಿ ಒಂದು ಹಾಡು ಹಾಡಿ ಧೊಪ್ಪನೆ ಬಿದ್ದ. ಜನ "ಒನ್ಸ್ ಮೋರ್!" ಅಂತ ಶಿಳ್ಳೆ ಹೊಡೆದರು. ಸತ್ತವನು ಎದ್ದು, ಮಣ್ಣು ಕೊಡವಿಕೊಂಡು, ನಿನ್ನ ಕಡೆ ನೋಡಿ, ಶ್ರುತಿ ಹಿಡಿದು ಮತ್ತೆ ಸತ್ತ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನನ್ನು ನೀನು ತಯಾರು ಮಾಡಿದ್ದೇನು ಕಡಿಮೆಯಾ? "ಬಗ್ಬೇಡ ಕಣ್ಲಾ! ಬಾಣ ಬರ್ಲಿ ಬೆಂಕಿ ಬರ್ಲಿ, ಎದೆ ಕೊಟ್ಟು ನಿಂತ್ಕೊ! ಬಗ್ಗಿದ್ರೆ ಹಿಂದ್ಗಡೆ ಕೂತಿರೋನಿಗೆ ಹೆಂಗ್ ಕಾಣ್ತೀಯ?" ಅಂತ ಅಂಗಳದಲ್ಲಿ ಬೆತ್ತ ಹಿಡಿದು ಕೂಗುತ್ತಿದ್ದೆ. ಸ್ವಲ್ಪ ಕುಗ್ಗಿದರೂ ಮಂಡಿಯ ಹಿಂದೆ ಏಟು ಬೀಳುತ್ತಿತ್ತು. ಅವನು ಮಿಲಿಟರಿಗೆ ಸೇರಿದಾಗ ನೀನು ಬೀದಿಗೆಲ್ಲ ಮೈಸೂರು ಪಾಕು ಹಂಚಿದೆ. ಮರುವರ್ಷ ನೀನೇ ಇರಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು ಅಪ್ಪಾ. ರಘು ಅಲ್ಲೇ ಎಲ್ಲೋ ಇದ್ದಾನೆ ಅಂತ ಗೊತ್ತಿತ್ತು, ಯಾವ ಬೆಟ್ಟ ಅಂತ ಗೊತ್ತಿರಲಿಲ್ಲ. ಪಕ್ಕದ ಮನೆಯ ಟೀವಿಯಲ್ಲಿ ಶವದ ಪೆಟ್ಟಿಗೆಗಳನ್ನು ಇಳಿಸುವಾಗ ಅಮ್ಮ ಎದ್ದು ಬರುತ್ತಿದ್ದಳು. ನಾನು ಬ್ಲೌಸ್ ಹೊಲಿಯುವ ಮಿಷನ್ನಿನ ಮುಂದೆ ಕೂರಲಾಗದೆ ಬಸ್ಸು ಹತ್ತಿ ಸಾಬರ ಅಂಗಡಿಗೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆನೋ... ಆ ಬೀರುವಿನ ಮುಂದೆ ನಿಂತರೆ ನೀನು ಪಕ್ಕದಲ್ಲಿದ್ದೀಯ ಅನ್ನಿಸುತ್ತಿತ್ತೇನೋ. ಸಾಬರು ಏನೂ ಕೇಳದೆ ಸ್ಟೂಲು ತಂದಿಡುತ್ತಿದ್ದರು.

ಒಂದು ಮಧ್ಯಾಹ್ನ ನೀನು ಬೆರಳಾಡಿಸಿ ಅಂಚು ಕಪ್ಪಾಗಿದ್ದ ಪುಸ್ತಕವನ್ನೇ ತೆಗೆದೆ. ಚಿತ್ರದಲ್ಲಿ ಬಂಡೆಗಳ ನಡುವೆ ಸೈನಿಕರು ನೆಲಕ್ಕೆ ಅಂಟಿಕೊಂಡು ಮಲಗಿದ್ದಾರೆ, ಒಬ್ಬ ಮಾತ್ರ ಅರ್ಧ ಎದ್ದಿದ್ದಾನೆ. ಅಭ್ಯಾಸಬಲದಿಂದ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟೆ. ಎದ್ದವನು ದೂರದಿಂದಲೂ ಕಾಣುತ್ತಾನೆ, ಗುಂಡು ಮೊದಲು ಅವನಿಗೇ ಬೀಳುತ್ತದೆ ಅಂತ ಬರೆದಿತ್ತು. ಹಿಂದ್ಗಡೆ ಕೂತಿರೋನಿಗೆ ಹೆಂಗ್ ಕಾಣ್ತೀಯ ಅಂತ ನೀನು ಕೂಗಿದ್ದು ಅಲ್ಲೇ ಕಿವಿಯಲ್ಲಿ ಕೇಳಿಸಿತು. ಸೈನ್ಯದವರು ರಘುವಿಗೆ ಬಗ್ಗುವುದನ್ನು ಕಲಿಸಿರುತ್ತಾರೆ ನಿಜ. ಆದರೆ ಚಿಕ್ಕಂದಿನಲ್ಲಿ ಏಟು ತಿಂದು ಕಲಿತದ್ದು ಮೈ ಬಿಟ್ಟು ಹೋಗುತ್ತಾ? ಆ ಗಳಿಗೆಯಲ್ಲಿ ಅವನ ಮೈ ಯಾರ ಮಾತು ಕೇಳುತ್ತೆ, ನಿನ್ನದಾ, ಅವರದಾ?

ಸಾಬರು ಬಂದು ಪುಸ್ತಕ ಕಸಿದುಕೊಂಡರು. "ಅದ್ನ ಮಡಗ್ಬುಡಮ್ಮ. ತಗೋ, ಸಿನಿಮಾದ್ ನೋಡು, ಮನಸ್ಸು ಹಗುರ ಆಯ್ತದೆ" ಅಂದರು. ಬಿಡಿಸಿದರೆ ಅಲ್ಲೂ ಸೊಂಟದ ಮೇಲೆ ಕೈಯಿಟ್ಟು ಫಿರಂಗಿಗೆ ಎದೆಯೊಡ್ಡಿ ನಿಂತ ಮಹಾನುಭಾವ! ತಲೆಗೂದಲು ಕೂಡ ಕೆದರಿಲ್ಲ. ಅವತ್ತು ನಿನ್ನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ? ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಉಪಯೋಗ, ಅಂತ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ಅತ್ತೆ. ಆಮೇಲೆ ದಿನವೂ ಪೋಸ್ಟ್‌ಮನ್ ಸೈಕಲ್ಲಿನ ಗಂಟೆ ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ. ಅವನು ನಮ್ಮ ಮನೆ ದಾಟಿ ಹೋದ ಮೇಲೆಯೇ ಒಳಗೆ ಬರುತ್ತಿದ್ದೆ.

ಯುದ್ಧ ಮುಗಿದು, ಮಳೆಯೂ ಮುಗಿದ ಮೇಲೆ ರಘು ರಜೆಗೆ ಬಂದ. ಕೆನ್ನೆ ಒಳಗೆ ಹೋಗಿತ್ತು, ಅಷ್ಟೇ ಅಂದುಕೊಂಡೆವು. ಚಪ್ಪಲಿ ಕೊಳ್ಳಲು ತುಮಕೂರಿಗೆ ಹೋದಾಗ ತಾನೇ, "ನಡೀ ಅಕ್ಕ, ಸಾಬ್ರ ಅಂಗ್ಡಿಗೆ ಹೋಗಾಣ" ಅಂದ. ಯುದ್ಧದ ಪುಸ್ತಕಗಳ ಕಡೆ ಕಣ್ಣು ಹಾಯಿಸಲಿಲ್ಲ. ಸಿನಿಮಾ ಪುಸ್ತಕ ತೆಗೆದು ಯಾರದೋ ವಿಗ್ಗು ನೋಡಿ ನಗುತ್ತಿದ್ದ. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಶಟರ್ ಎಳೆದರು. ಧಡಾರ್ ಅಂತು.

ಏನಾಯಿತೆಂದು ತಿಳಿಯುವ ಮೊದಲೇ ನಾನು ನೆಲದ ಮೇಲಿದ್ದೆ. ನನ್ನ ಮೇಲೆ ಅವನು. ನನ್ನ ತಲೆಯನ್ನು ತನ್ನ ಎದೆಯಡಿ ಒತ್ತಿಹಿಡಿದಿದ್ದ, ನಮ್ಮಿಬ್ಬರ ಮೇಲೆ ಪುಸ್ತಕಗಳು ಉದುರುತ್ತಿದ್ದವು. ಬಾಗಿಲಲ್ಲಿ ಯಾರೋ ನಕ್ಕರು. "ನಗ್ಬ್ಯಾಡ್ರೋ!" ಅಂತ ಸಾಬರು ಗದರಿದರು. ಬಗ್ಗಿದ್ದಾನೆ, ನಿನ್ನ ಬೆತ್ತ ಸೋತಿದೆ ಅಂತ ಧೂಳು ಕುಡಿಯುತ್ತಲೇ ಖುಷಿಪಟ್ಟೆ ಅಪ್ಪಾ. ಆಗ ಅವನ ಬಾಯಿಂದ ಬರುತ್ತಿದ್ದದ್ದು ಕೇಳಿಸಿತು. "ಮಲಕ್ಕಳೋ... ಏಳ್ಬೇಡ ಕಣೋ... ಮಲಕ್ಕಳೋ..." ಅವನು ಹೇಳುತ್ತಿದ್ದದ್ದು ನನಗಲ್ಲ. ಗುಬ್ಬಿಗೆ ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ, "ಹಾಸನದ ಹುಡ್ಗ ಕಣಕ್ಕ. ಎಷ್ಟ್ ಹೇಳಿದ್ರೂ ಎದ್ದ" ಅಂದ.

ಮೊನ್ನೆ ಕುಣಿಗಲ್ ಕಡೆಯ ಅದೇ ಊರಿನವರು ಮನೆಗೆ ಬಂದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. "ಮೇಷ್ಟ್ರ ಮಗ ಯುದ್ಧ ಗೆದ್ದು ಬಂದವ್ನೆ. ಅದೇ ಪಾತ್ರ ಮಾಡ್ಲಿ ತಾಯಿ. ಮೇಷ್ಟ್ರು ಕಲ್ಸಿದ್ ಸಾವು ಇನ್ನೊಂದ್ ಸಲ ನೋಡ್ಬುಡಾಣ, ಜನ ಕಿತ್ಕೊಂಡ್ ಬತ್ತಾರೆ" ಅಂದರು. ಒಳ್ಳೆಯ ಜನ, ಪ್ರೀತಿಯಿಂದಲೇ ಕೇಳಿದರು. ರಘು ಒಳಗಿನಿಂದ ಬಂದ. ಮುಖ ಬಿಳುಚಿಕೊಂಡಿತ್ತು, ಆದರೂ ಕೈ ತಟ್ಟೆಯ ಕಡೆಗೇ ಹೋಯಿತು. ವೀಳ್ಯ ಮುಟ್ಟಿದರೆ ಪಾತ್ರ ಒಪ್ಪಿದ ಹಾಗೆ, ಮನೆಗೆ ಬಂದ ವೀಳ್ಯವನ್ನು ನೀನು ಒಂದು ಸಲವೂ ಹಿಂದಕ್ಕೆ ಕಳಿಸಿದವನಲ್ಲ. ಅವನ ಕೈ ತಾಗುವ ಮೊದಲೇ ನಾನು ತಟ್ಟೆ ಎತ್ತಿ ಅವರ ಕೈಗೇ ಕೊಟ್ಟೆ. "ಊಟ ಮಾಡ್ಕೊಂಡ್ ಹೋಗಿ. ಇದು ಬೇಡ" ಅಂದೆ. ಅವರು ಊಟಕ್ಕೂ ನಿಲ್ಲಲಿಲ್ಲ.

ರಘು ಜಗಲಿಯ ಮೇಲೆ ಹಾಗೇ ಒರಗಿದ. ನೋಡನೋಡುತ್ತ ನಿದ್ದೆ ಬಂತು. ರಜೆಗೆ ಬಂದ ಮೇಲೆ ಅವನು ಹೀಗೆ ಕಣ್ಣು ಮುಚ್ಚಿದ್ದನ್ನು ನಾವು ನೋಡಿರಲಿಲ್ಲ. ಅಮ್ಮ ಬೀದಿಯಲ್ಲಿ ನಿಂತು ಬರುವ ಸೈಕಲ್ಲು, ಸ್ಕೂಟರುಗಳಿಗೆಲ್ಲ ಮೆಲ್ಲಗೆ ಹೋಗಿ ಅಂತ ಕೈ ಮುಗಿಯುತ್ತಿದ್ದಳು.

ಸೋಮವಾರ ಅವನು ವಾಪಸು ಹೊರಡುತ್ತಾನೆ. ಅಲ್ಲಿ ನನ್ನ ಮಾತು ನಡೆಯುವುದಿಲ್ಲ, ಇಲ್ಲಿ ನಡೆಯುತ್ತೆ. ನಿನಗೆ ಸಿಟ್ಟು ಬಂದರೆ ಬರಲಿ ಅಪ್ಪಾ. ನಿನ್ನ ಮಗನನ್ನು ನಾನು ಇನ್ನು ಸುಳ್ಳಿಗೂ ಸಾಯಲು ಬಿಡಲ್ಲ.

ನಿನ್ನ ಮಗಳು,
ಸುಮ